ಕಂಬದ ಮೇಲಿನ ಕೆಂಪು ಗೆರೆ

ಮಾರ್ಚ್ ೯, ಭಾನುವಾರ

ಅಕ್ಕನ ಮನೆಯಲ್ಲಿ ಬಾಯಿ ಬಿಗಿದು ಕೂತಿರುವ ನನ್ನವಳಿಗೆ,

ನಿನ್ನ ಹೊಲಿಗೆ ಮೆಷಿನ್ ಬದುಕಿದೆ. ನೆರೆ ತಂದ ಕೆಸರು ಕೆರೆದು, ಎಣ್ಣೆ ಬಿಟ್ಟು, ಏಳು ತಿಂಗಳ ಮೇಲೆ ಇವತ್ತು ಚಕ್ರ ತಿರುಗಿಸಿದೆ. ತಿರುಗಿತು, ನಿನ್ನ ಹಾಗೇ ಗೊಣಗುತ್ತಾ.

ನಮ್ಮ ಕೆಳಗಿನ ಬೀದಿ ಎದ್ದು ನಿಲ್ಲುತ್ತಿದೆ. ಮನೆಗಳನ್ನೆಲ್ಲ ಆಳೆತ್ತರದ ಕಂಬಗಳ ಮೇಲೆ ಕಟ್ಟುತ್ತಿದ್ದಾರೆ. ಒಂದು ಮನೆಯ ಗಾರೆಗೆ ಬೀದಿಯವರೆಲ್ಲರ ಕೈ. ಕೆರೆ ಮುಚ್ಚಿ ಕಟ್ಟಿದ್ದ ಬಸ್ ನಿಲ್ದಾಣವನ್ನು ಒಡೆದು ಮತ್ತೆ ಕೆರೆ ಅಗೆಯುತ್ತಿದ್ದಾರೆ. ಮಳೆ ವಿಪರೀತ ಬಂತು, ನಿಜ. ಆದರೆ ನೀರು ನಿಲ್ಲುವ ಜಾಗ ತಿಂದವರು ನಾವೇ. ಹಳೇ ಮನೆ ಒಡೆದಾಗಲೆಲ್ಲ ಕಲ್ಲುಮಣ್ಣನ್ನು ದಡಕ್ಕೆ ಸುರಿದು ಹೊಳೆಯ ಅಗಲವನ್ನು ಅರ್ಧ ಮಾಡಿದ್ದೆವು. ಇಷ್ಟು ತಿಳಿಯಲು ಇಸ್ತ್ರಿ ಅಜ್ಜ ಸಾಯಬೇಕಿತ್ತೇ?

ನೀನಿನ್ನೂ ಆ ಮಧ್ಯಾಹ್ನದಲ್ಲೇ ಇದ್ದೀಯಂತೆ, ಅಕ್ಕ ಬರೆದಿದ್ದಾರೆ. ಇಸ್ತ್ರಿ ಅಜ್ಜ ಪಕ್ಕದಂಗಡಿಯಿಂದ ಬಂದು ‘ನೀರು ಮೆಟ್ಟಿಲು ಮುಟ್ಟಿತು, ಹೊರಡಲೇ’ ಎಂದು ಕೇಳಿದ್ದು. ‘ನನ್ನ ಯಜಮಾನರು ಸೇತುವೆ ಮೇಲೇ ಇದ್ದಾರೆ, ಸೈರನ್ ಆಗಿಲ್ಲ, ಬಟ್ಟೆ ಇಸ್ತ್ರಿ ಮುಗಿಸಿಯೇ ಹೋಗಿ’ ಎಂದು ನೀನು ಹೇಳಿದ್ದು. ಸೈರನ್ ಆಗುವಷ್ಟರಲ್ಲಿ ನೀರು ಬೀದಿ ತುಂಬಿತ್ತು; ನೀನು ಮಾಳಿಗೆ ಹತ್ತಿ ಉಳಿದೆ. ಮಂಡಿನೋವಿನ ಅಜ್ಜನಿಗೆ ಹತ್ತಲಾಗಲಿಲ್ಲ. ಆ ಸಾವನ್ನು ತಲೆಗೆ ಕಟ್ಟಿಕೊಂಡು ನೀನು ಊರು ಬಿಟ್ಟೆ. ಅಂದು ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಸೇತುವೆ ಮೇಲೆ ನಿಂತು ಹೊಳೆಯ ಮಟ್ಟ ನೋಡುವವನು ನಾನು. ನೀರು ಅಳತೆ ಕಂಬದ ಕೆಂಪು ಗೆರೆ ಮುಟ್ಟಿದ ಕ್ಷಣವೇ ಸೈರನ್ ಒತ್ತಿದೆ. ವಿಚಾರಣೆಯಲ್ಲೂ ಅದನ್ನೇ ಹೇಳಿದೆ, ಸುಳ್ಳೇನಲ್ಲ. ನಾಳೆ ಹೊಸ ಕಂಬ ನೆಡುತ್ತಾರೆ. ಗೆರೆ ನಾನೇ ಎಳೆಯಬೇಕಂತೆ, ನನ್ನಷ್ಟು ನಂಬಿಕಸ್ಥ ಇನ್ನೊಬ್ಬನಿಲ್ಲವಂತೆ. ಬ್ರಷ್ ಹಿಡಿಯಲು ಕೈ ಏಳುತ್ತಿಲ್ಲ.

ಬಾ ಎನ್ನಲು ನನಗೆ ಮುಖವಿಲ್ಲ. ಮೆಷಿನ್ ಮಾತ್ರ ಕಾಯುತ್ತಿದೆ.

ಇಂತಿ,
ಇನ್ನೂ ಸೇತುವೆ ಮೇಲೇ ನಿಂತಿರುವ
ನಿನ್ನ ಗಂಡ

ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು: ನೆರೆ ಬಂದದ್ದರ ಹಿಂದಿನ ವರ್ಷ ಎರಡು ಸಲ ಸೈರನ್ ಒತ್ತಿದ್ದೆ. ಎರಡು ಸಲವೂ ಹೊಳೆ ಇಳಿದುಹೋಯಿತು. ಬೀದಿಯವರೆಲ್ಲ ನನ್ನನ್ನು ಪುಕ್ಕಲ ಪೀಪಿ ಎಂದು ಆಡಿಕೊಂಡರು; ನೀನೂ ನಕ್ಕಿದ್ದೆ. ಮುಂದಿನ ಬೇಸಿಗೆಯಲ್ಲಿ ಕಂಬಕ್ಕೆ ಬಣ್ಣ ಬಳಿಯುವಾಗ ಕೆಂಪು ಗೆರೆಯನ್ನು ಒಂದು ಗೇಣು ಮೇಲಕ್ಕೆ ಎಳೆದೆ. ಯಾರಿಗೂ ಹೇಳಲಿಲ್ಲ. ಆ ಗೇಣು ಏರಲು ನೀರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕುಂಟುತ್ತಾ ನಡೆದರೂ ಪಾರಾಗಲು ಅಜ್ಜನಿಗೆ ಅಷ್ಟು ಹೊತ್ತು ಸಾಕಿತ್ತು. ನೀನು ನನ್ನನ್ನು ನಂಬಿದೆ, ಅಷ್ಟೇ, ತಪ್ಪು ನಿನ್ನದಲ್ಲ. ನಾಳೆ ಬಣ್ಣದ ಡಬ್ಬಿ ತೆರೆಯುವ ಮುಂಚೆ ಇದನ್ನು ಎಲ್ಲರೆದುರು ಹೇಳುತ್ತೇನೆ. ಗೆರೆಯನ್ನು ಬೇರೆ ಯಾರಾದರೂ ಎಳೆಯಲಿ.