ಕಸುಬು ಕಲಿಸದ ತಾಯಿ

ಹಾಸಿಗೆ ಅಂಗಡಿಯ ಅಟ್ಟ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅರಳೇ,

ಹೇಗಿದ್ದೀಯೆ? ನೆಗಡಿ ಬಿಟ್ಟಿತೇ? ತಲೆ ಒರೆಸಿಕೊಳ್ಳದೆ ಓದಲು ಕೂತರೆ ನೆಗಡಿ ಬರದೆ ನೆಂಟರು ಬರುತ್ತಾರೆಯೇ? ನನ್ನ ಕೆಮ್ಮು ಇದ್ದ ಹಾಗೇ ಇದೆ. ನನ್ನನ್ನು ಬಿಟ್ಟರೆ ಅದಕ್ಕಾದರೂ ಯಾರಿದ್ದಾರೆ.

ಸುತ್ತಿ ಬಳಸಿ ಬರೆಯಲು ನನಗೆ ಬಾರದು. ನಿನ್ನನ್ನು ಹುಟ್ಟಿಸಿದವನು ಶುಕ್ರವಾರ ಬಂದಿದ್ದ. ಬಾಗಿಲಲ್ಲಿ ನಿಂತು, “ನನ್ನ ಮಗಳು ಇಲ್ಲೇ ಬೆಳೆದಳಂತೆ” ಅಂದ. “ಇಲ್ಲಿ ಹಾಸಿಗೆ, ದಿಂಬು ಮಾತ್ರ ಸಿಗೋದು” ಅಂದೆ. ಆದರೂ ಹೋಗಲಿಲ್ಲ ಪುಣ್ಯಾತ್ಮ. ಹತ್ತಿ ಮೂಟೆಯ ಮೇಲೆ ಕೂತು, ಮಾತು ತೋಚದಾಗ ನೀನು ಮಾಡುವಂತೆಯೇ, ಕಿವಿಯ ತುದಿ ತಿಕ್ಕಿಕೊಂಡ. ಬೈಯಲೆಂದು ಎದ್ದವಳು ನೀರು ತಂದುಕೊಟ್ಟೆ. ನಿನಗೆ ಗೊತ್ತಿರುವ ಕಥೆಯೇ: ಹೆಂಡತಿ ಸತ್ತಾಗ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೋದವನು. ಈಗ ಮನೆ ಕಟ್ಟಿದ್ದಾನಂತೆ, ನಿನಗೊಂದು ಕೋಣೆ ಇಟ್ಟಿದ್ದಾನಂತೆ, ಕರೆದುಕೊಂಡು ಹೋಗಬೇಕಂತೆ. ನಿನ್ನ ವಿಳಾಸ ಕೇಳಿದ. ಕೊಡಲಿಲ್ಲ.

ಆಮೇಲೆ ಕೆಲಸಕ್ಕೆ ಕೈ ಏಳಲಿಲ್ಲ. ನೀನು ಬರೆದು ಕಳಿಸಿದ ಹಾಳೆಗಳನ್ನು ತೆಗೆದೆ, ಅದೇ, ಬಾಬಿಲೋನಿನ ರಾಜ ಕಪ್ಪು ಕಲ್ಲಿನಲ್ಲಿ ಕೆತ್ತಿಸಿದ ಕಾನೂನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ. ನೀನು ಹೇಳಿದ್ದು ನಿಜ ಕಣೇ, ಅದರಲ್ಲಿ ರಾಜನಿಗಿಂತ ಊರಿನ ಜಗಳವೇ ಚೆನ್ನಾಗಿ ಕಾಣುತ್ತದೆ. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನ ತಲೆ ಹೋಗಬೇಕು ಅಂತಿದೆ. ಅಂದರೆ ಮೊದಲು ಯಾವುದೋ ಮನೆ ಬಿದ್ದಿದೆ, ಯಾವಳೋ ಅರಮನೆಯ ಮುಂದೆ ಎದೆ ಬಡಿದುಕೊಂಡಿದ್ದಾಳೆ. ದೋಣಿ ವರ್ಷದೊಳಗೆ ಸೋರಿದರೆ ಮಾಡಿದವನೇ ಸರಿ ಮಾಡಿಕೊಡಬೇಕಂತೆ. ಟೋಪಿ ಹಾಕುವವರು ಆಗಲೂ ಇದ್ದರು ಅನ್ನು. ದೊಡ್ಡವರ ಕಣ್ಣು ಹೋದರೆ ಕಣ್ಣಿಗೆ ಕಣ್ಣು, ಕೊಂಡ ಆಳಿನ ಕಣ್ಣು ಹೋದರೆ ಅವನ ಅರ್ಧ ಬೆಲೆ! ಥೂ, ಕಣ್ಣಿನಲ್ಲೂ ಮೇಲು ಕೀಳೇ?

ಓದುತ್ತ ಹತ್ತಿಯ ರಾಶಿಗೆ ಒರಗಿದೆ. ಕಿಟಕಿಯ ಬಿಸಿಲಕೋಲಿನಲ್ಲಿ ಎಳೆಗಳು ತೇಲುತ್ತಿದ್ದವು. ಎಚ್ಚರವೋ ಮಂಪರೋ, ಆ ಊರಿನವರೆಲ್ಲ ಒಬ್ಬೊಬ್ಬರಾಗಿ ಅಟ್ಟ ಹತ್ತಿ ಬಂದರು. ದೋಣಿಯವನ ಕಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮನೆ ಬಿದ್ದವಳ ಕೂದಲೆಲ್ಲ ಮಣ್ಣು. ಒಕ್ಕಣ್ಣಿನ ಆಳು ಕೂರಲು ಹಿಂಜರಿದ. “ಕೂತ್ಕೊಳ್ಳಪ್ಪ, ಅಟ್ಟಕ್ಕೆ ಇನ್ನೊಂದು ಕಂಬ ಏನೂ ಬೇಕಾಗಿಲ್ಲ” ಎಂದು ಗದರಿ ಒಳ್ಳೆಯ ದಿಂಬನ್ನೇ ಕೊಟ್ಟೆ. ಎಲ್ಲರೂ ಮೋಡದ ಮೇಲೆ ಕೂತಂತೆ ಕೂತರು. ಕೊನೆಗೆ ರಾಜ ಬಂದ. “ಮಗುವಿಗೆ ಕಸುಬು ಕಲಿಸಿದೀಯಾ?” ಅಂತ ಕೇಳಿದ. ಉತ್ತರ ಕೊಡಲು ಬಾಯಿ ತೆರೆದೆ. ಬಾಯಿ ತುಂಬ ಹತ್ತಿ.

ಆ ಸಾಲು ನಿನಗೆ ನೆನಪಿರಬೇಕು. ಸಾಕಿದ ಮಗುವಿಗೆ ಕಸುಬುಗಾರ ತನ್ನ ಕೈಕೆಲಸ ಕಲಿಸಿದ್ದರೆ, ಆ ಮಗುವನ್ನು ಯಾರೂ ವಾಪಸು ಕೇಳುವಂತಿಲ್ಲ. ಕಲಿಸದಿದ್ದರೆ ಅದು ಹುಟ್ಟಿದ ಮನೆಗೆ ಹೋಗಬಹುದು. ನಾನು ನಿನಗೆ ಹತ್ತಿ ಹಿಂಜುವ ಬಿಲ್ಲನ್ನು ಮುಟ್ಟಲೂ ಬಿಡಲಿಲ್ಲ. ಈ ಧೂಳು ನಿನ್ನ ಎದೆಗೂ ಇಳಿಯಬಾರದು ಅಂತ ಶಾಲೆಗೆ ಅಟ್ಟಿದೆ. ಅದು ಕಲ್ಲಿಗೆ ಹೇಗೆ ಗೊತ್ತಾಗಬೇಕು? ಆ ಸಾಲಿನ ಹಿಂದೆಯೂ ಯಾವಳೋ ಒಬ್ಬಳು ಅತ್ತಿರಬೇಕು. ಗೆದ್ದಳೋ ಸೋತಳೋ, ಕೆತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಗೆಳತಿಗೂ ನನ್ನ ಆಶೀರ್ವಾದ ಹೇಳು. ತಣ್ಣಗೆ ಬಾಳು.

ನಿನ್ನ
ಅಮ್ಮ

ತಾ.ಕ.: ಅವನು ಮತ್ತೆ ಬಂದು ಕೆಳಗೆ ನಿಂತಿದ್ದಾನೆ. ಅವನ ವಿಳಾಸವನ್ನು ಈ ಹಾಳೆಯ ಹಿಂದೆ ಅವನ ಕೈಯಲ್ಲೇ ಬರೆಸುತ್ತೇನೆ. ರಜೆಗೆ ಆ ಮನೆ ನೋಡು. ಅವನ ಹಾಸಿಗೆ ಎಂಥದೋ, ಅಲ್ಲಿನ ನಿನ್ನ ಕೋಣೆಗೆ ನಾನೇ ಒಂದು ಹೊಲಿದಿಟ್ಟಿದ್ದೇನೆ, ಅವನೇ ಹೊತ್ತು ಹೋಗಲಿ. ಕಲ್ಲಿನಲ್ಲಿ ‘ಹೋಗಬಹುದು’ ಅಂತಷ್ಟೇ ಇದೆ. ಹೊರಟವರಿಗೆ ನಮ್ಮಲ್ಲಿ ಯಾರೂ ‘ಹೋಗು’ ಅಂತಷ್ಟೇ ಹೇಳುವುದಿಲ್ಲ. ಹೋಗಿ ಬಾ.