ಎಡಗೈ ಕಿರುಬೆರಳು

ಮಕ್ಕಾ
ಶುಕ್ರವಾರ, 17 ಜನವರಿ 2025
ಮಧ್ಯಾಹ್ನ ಒಂದೂವರೆ

ಪ್ರೀತಿಯ ಅನಸಕ್ಕನಿಗೆ,

ನಿನ್ನ ಇಮಾಮ್ಬೀಯ ಸಲಾಮು. ಮನೆಯಲ್ಲಿ ಎಲ್ಲರಿಗೂ ಜೈಭೀಮ. ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯಲು ಪೆನ್ನು ಹಿಡಿದೆ, ಕೈ ಮುಂದೆ ಹೋಗಲಿಲ್ಲ. ನಿನ್ನ ಹತ್ತಿರ ಏನು ಮುಚ್ಚಿಡುವುದು? ನಮ್ಮ ಯಜಮಾನರು, ನಿನ್ನ ಸರ್ದಾರಣ್ಣ, ಬೆಳಗಿನಿಂದ ಕಾಣುತ್ತಿಲ್ಲ.

ಇಲ್ಲಿ ನಮ್ಮ ಉಮ್ರಾ ತಂಡದ ಗಂಡಸರಿಗೆ ಒಂದು ಕೋಣೆ, ಹೆಂಗಸರಿಗೆ ಒಂದು. ಬೆಳಗಿನ ನಮಾಜು ಮುಗಿದ ಮೇಲೆ, ಚಹಾ ಕುಡಿದು ಬರುತ್ತೇನೆ ಎಂದು ಅವರು ತಮ್ಮ ಕೋಣೆಯಲ್ಲಿ ಹೇಳಿ ಹೋದರಂತೆ. ನಾನು ಆಗ ಬಚ್ಚಲಲ್ಲಿದ್ದೆ, ನೋಡಲಿಲ್ಲ. ಹತ್ತು ಗಂಟೆಗೆ ಎಲ್ಲರೂ ಜುಮ್ಮಾ ನಮಾಜಿಗೆ ಹರಮ್ ಶರೀಫಿಗೆ, ಕಾಬಾ ಇರುವ ದೊಡ್ಡ ಮಸೀದಿಗೆ, ಹೊರಟರು. ಇವತ್ತು ಬೇಗ ಹೋಗದಿದ್ದರೆ ಒಳಗೆ ಜಾಗ ಸಿಗುವುದಿಲ್ಲ. ವಾಡಿಯ ಫರಹತ ನನ್ನ ಪಕ್ಕದ ಮಂಚದವಳು, ಅವಳ ಹತ್ತಿರ ಇಲ್ಲಿಯ ಸಿಮ್ ಹಾಕಿದ ಫೋನಿದೆ. ಬಾ ಎಂದು ಕರೆದಳು. ಇವರು ಬರಲಿ, ಒಟ್ಟಿಗೆ ಬರುತ್ತೇನೆ ಎಂದೆ. ಅವಳು ಹೋದಳು, ಅವಳ ಫೋನೂ ಹೋಯಿತು. ಇವರು ಬರಲಿಲ್ಲ.

ಹನ್ನೊಂದಕ್ಕೆ ಕೆಳಗಿಳಿದು ಹೋಟೆಲಿನವನಿಗೆ ತಂಡದ ಮುಖ್ಯಸ್ಥರ ನಂಬರಿನ ಚೀಟಿ ತೋರಿಸಿದೆ. ಅವನು ತನ್ನ ಮೇಜಿನ ಫೋನಿನಿಂದ ಹಚ್ಚಿಕೊಟ್ಟ. ಮುಖ್ಯಸ್ಥರು, "ಅಮ್ಮಾ, ಇವತ್ತ್ ಲಕ್ಷಗಟ್ಟಲೆ ಮಂದಿ ಅದ. ನಾವು ಹುಡಕ್ಲಿಕತ್ತೀವಿ. ನೀವು ಮಾತ್ರ ಕೋಣಿ ಬಿಟ್ಟು ಎಲ್ಲಿಗೂ ಹೋಗಬ್ಯಾಡ್ರಿ, ಇಬ್ಬರನ್ನ ಹುಡಕಾದು ಆಗತದ," ಎಂದರು. ಮೇಜಿನ ಆ ಫೋನು ಊರೊಳಗೆ ಮಾತ್ರ ಹತ್ತುತ್ತದೆ, ನಮ್ಮ ದೇಶಕ್ಕೆ ಹತ್ತುವುದಿಲ್ಲ. ಹೀಗಾಗಿ ಕೋಣೆಯಲ್ಲಿ ಕುಳಿತು ನಿನಗೆ ಬರೆಯುತ್ತಿದ್ದೇನೆ. ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತದೆ. ಚಿತ್ತಾಪುರದ ಅಸದಭಾಯಿ ಮುಂಚಿನ ತಂಡದವರು, ನಾಳೆ ಊರಿಗೆ ಹೊರಟಿದ್ದಾರೆ. ಸಂಜೆ ಬಂದಾಗ ಅವರ ಕೈಗೆ ಕೊಡುತ್ತೇನೆ. ಕನ್ನಡಕ ಹಾಕಿಕೊಂಡು ನೀನೇ ಓದು. ಮೊಮ್ಮಗಳು ಲುಂಬಿನಿ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಡ.

ಅಕ್ಕ, ಆ ಮನುಷ್ಯನಿಗೆ ಓದು ಬರಹ ಇಲ್ಲ, ಅಂಕಿ ಮಾತ್ರ ಬರುತ್ತವೆ. ಹೋಟೆಲಿನ ಹೆಸರು ನಾನೇ ಮೂರು ಸಲ ಕೇಳಿ ಮರೆತಿದ್ದೇನೆ, ಅವರು ಏನು ನೆನಪಿಟ್ಟಾರು? ಎಲ್ಲ ಬೀದಿಯೂ ಒಂದೇ ತರಹ, ಎಲ್ಲ ಕಟ್ಟಡವೂ ಒಂದೇ ಎತ್ತರ. ಗಂಡಸರೆಲ್ಲ ಬಿಳಿ ಬಟ್ಟೆ. ಕಿಟಕಿಯಿಂದ ಕೆಳಗೆ ನೋಡಿದರೆ ಪ್ರತಿಯೊಬ್ಬರೂ ಅವರಂತೆಯೇ ಕಾಣುತ್ತಾರೆ, ಯಾರೂ ಅವರಲ್ಲ. ಆ ಕೆಮ್ಮು ಬೇರೆ. ಕಲ್ಲಿನ ಧೂಳು ತುಂಬಿದ ಎದೆ, ಇಷ್ಟು ಜನರ ನಡುವೆ ಸಿಕ್ಕರೆ ಉಸಿರು ಹತ್ತುತ್ತದೆ.

ಎಲ್ಲದಕ್ಕೂ ಮೂಲ ಈ ಫೋನು. ಶಹಾಬಾದ್ ಸ್ಟೇಷನ್ ರೋಡಿನ ಅಂಗಡಿಯವನು ನಮ್ಮ ಎರಡೂ ಬಟನ್ ಫೋನು ನೋಡಿ, "ಅಲ್ಲೂ ಹತ್ತತಾವ, ಆರಾಮ್ ಹೋಗಿ ಬರ್ರಿ," ಎಂದಿದ್ದ. ವಿಮಾನ ಇಳಿದು ಚಾಲೂ ಮಾಡಿದರೆ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ನನ್ನದೂ ಅಷ್ಟೇ, ಅವರದೂ ಅಷ್ಟೇ. ಹೊರಡುವ ಮೊದಲು ಏನೋ ಚಾಲೂ ಮಾಡಿಸಬೇಕಿತ್ತಂತೆ. ಅದನ್ನು ಫರಹತ ಹೇಳಿದ್ದು ಇಲ್ಲಿಗೆ ಬಂದ ಮೇಲೆ. ಕೋಡ್ಲಾದಲ್ಲಿ ನನ್ನ ಮಗಳು ತಸ್ಲೀಮ್‌ಗೆ ದಿನ ತುಂಬಿವೆ ಎಂದು ನಿನಗೆ ಗೊತ್ತಲ್ಲ. ದಿನಾ ಅವಳ ದನಿ ಕೇಳುತ್ತೇನೆ ಎಂಬ ಧೈರ್ಯದ ಮೇಲೆ ನಾನು ಬಂದದ್ದು. ಫರಹತಳ ಫೋನಿನಿಂದ ಒಂದು ಸಲ ಮಾತಾಡಿದೆ, ಎರಡನೇ ಸಲ ಕೇಳಲು ನಾಚಿಕೆಯಾಯಿತು.

ನಿನ್ನೆ ಸಂಜೆ ಇಲ್ಲಿಯ ಸಿಮ್ ತೆಗೆದುಕೊಳ್ಳಲು ಇಬ್ಬರೂ ಹೋದೆವು. ದೊಡ್ಡ ರಸ್ತೆಯ ಮೂಲೆಯಲ್ಲಿ ಒಂದು ಕೌಂಟರ್, ನಮ್ಮ ಹಿಂದೆ ಮಾರುದ್ದ ಸಾಲು. ಕೌಂಟರಿನವನು ಪಾಸ್‌ಪೋರ್ಟ್ ನೋಡಿದ, ಸರಿ ಎಂದ. ಆಮೇಲೆ ಒಂದು ಸಣ್ಣ ಮಷೀನು ಮುಂದಿಟ್ಟ. ಬೆರಳಚ್ಚು ಹೊಂದಿದರೆ ಮಾತ್ರ ಸಿಮ್.

ನಾನು ಹೆಬ್ಬೆರಳು ಇಟ್ಟೆ. ಕೆಂಪು ದೀಪ. ತೋರುಬೆರಳು ಇಟ್ಟೆ. ಕೆಂಪು. ಅವರು ಇಟ್ಟರು. ಕೆಂಪು, ಕೆಂಪು, ಕೆಂಪು. ಅವನು ಒದ್ದೆ ಕಾಗದದಿಂದ ಅವರ ಬೆರಳು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಪಕ್ಕದವನನ್ನೂ ಕರೆದು ತೋರಿಸಿದ. ಇಬ್ಬರೂ ಏನೋ ಮಾತಾಡಿಕೊಂಡು ನಕ್ಕರು. ಮೂವತ್ತು ವರ್ಷ ನೆಲಹಾಸಿನ ಫರ್ಸಿ ಕಲ್ಲು ತಿಕ್ಕಿದ ಕೈಯಲ್ಲಿ ಗೆರೆ ಎಲ್ಲಿಂದ ಬರಬೇಕು? ಕಲ್ಲು ಕನ್ನಡಿಯಾಯಿತು, ಬೆರಳೂ ಕನ್ನಡಿಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಾಲಿನ ಮುಂದೆಯೇ ನಾನು ಬಾಯಿ ಬಿಟ್ಟೆ. "ಕಲ್ಲ ತಿಕ್ಕಿ ತಿಕ್ಕಿ ನೀವೂ ಕಲ್ಲೇ ಆಗೀರಿ. ನಿಮ್ಮನ್ನ ಕಟಗೊಂಡು ಬಂದಿದ್ದಕ್ಕ ಮಗಳ ದನಿ ಕೇಳೋ ನಸೀಬನೂ ಇಲ್ಲ ನನಗ," ಎಂದೆ. ನನ್ನ ಬೆರಳೂ ಹಾಗೇ ಇದ್ದವು ಅಕ್ಕ, ಆದರೆ ಬೈದದ್ದು ಅವರ ಬೆರಳಿಗೆ. ನನ್ನ ನಾಲಿಗೆ ನಿನಗೆ ಗೊತ್ತೇ ಇದೆ, ಎಷ್ಟು ಸಲ ನೀನೇ ಅದಕ್ಕೆ ಅಡ್ಡ ಕೈ ಹಿಡಿದಿಲ್ಲ. ಅವರು ಎರಡೂ ಕೈ ಜುಬ್ಬಾದ ಜೇಬಿಗೆ ಇಳಿಸಿದರು. ಹೋಟೆಲಿನವರೆಗೂ ತೆಗೆಯಲಿಲ್ಲ. ಊಟಕ್ಕೂ ಬರಲಿಲ್ಲ.

ಈಗ ನನಗೆ ಬರುವುದೆಲ್ಲ ಕೆಟ್ಟ ಯೋಚನೆ. ಎಲ್ಲೋ ಕೆಮ್ಮು ಹತ್ತಿ ಬಿದ್ದಿದ್ದರೆ? ಯಾರೋ ಎತ್ತಿ ಆಸ್ಪತ್ರೆಗೆ ಒಯ್ದಿದ್ದರೆ? ಪಾಸ್‌ಪೋರ್ಟ್ ಚೀಲ ಕೊರಳಲ್ಲಿದೆಯೋ ದಿಂಬಿನ ಕೆಳಗಿದೆಯೋ ತಿಳಿಯದು, ಗಂಡಸರ ಕೋಣೆಗೆ ಬೀಗ. ಯಾರೆಂದು ತಿಳಿಯಲು ಅವರ ಬೆರಳನ್ನು ಮಷೀನಿನ ಮೇಲೆ ಒತ್ತಿದರೆ ಏನು ಬರುತ್ತದೆ? ಕೆಂಪು ದೀಪ ಬರುತ್ತದೆ. ಹೆಸರಿಲ್ಲದವರಂತೆ ಮಲಗಿಸಿಬಿಡುತ್ತಾರೆ. ಯಾ ಅಲ್ಲಾ, ನಾನು ಬೈದ ಮಾತೇ ಅವರು ಕೇಳಿದ ಕೊನೆಯ ಮಾತಾಗದಿರಲಿ.

ಅವರಿಗೆ ಯಾರ ನಂಬರೂ ಬಾಯಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಎಲ್ಲ ಈ ಸತ್ತ ಫೋನಿನೊಳಗಿವೆ. ಇಬ್ಬರಿಗೂ ನಿನ್ನದೊಂದೇ ಬರುತ್ತದೆ. ಓಣಿಗೆಲ್ಲ ನಿಮ್ಮದೊಂದೇ ಫೋನಿದ್ದ ಕಾಲದಲ್ಲಿ, ಭೀಮಶ್ಯಾಭಾಯಿ ಇದ್ದಾಗ, ಕೆಲಸಕ್ಕೆ ಕರೆಯುವವರು ನೋಡಲಿ ಎಂದು ಇವರೇ ನಿಮ್ಮ ಬಾಗಿಲ ಪಕ್ಕದ ಫರ್ಸಿಯ ಮೇಲೆ ಉಳಿಯಿಂದ ಹತ್ತು ಅಂಕಿ ಕೊರೆದಿದ್ದರಲ್ಲ. ನಿನ್ನ ಯಜಮಾನರು ಹೋದರು, ನಂಬರು ಉಳಿಯಿತು. ನಾನೂ ನೀನೂ ರೇಷನ್ನಿಗೆ ಹೊರಟಾಗಲೆಲ್ಲ ಆ ಕಲ್ಲಿನ ಮೇಲೇ ಕುಳಿತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ಅಲ್ಲಿಯೂ ಇದೇ ಗೋಳು ನೆನಪಿದೆಯಾ? ಹೆಬ್ಬೆಟ್ಟು ಹತ್ತದೆ ಎಷ್ಟು ಸಲ ಖಾಲಿ ಚೀಲ ತಂದಿಲ್ಲ. ಕೊನೆಗೆ ಅಂಗಡಿಯ ದೇವೀಂದ್ರಪ್ಪನೇ ದಾರಿ ಹುಡುಕಿದ. "ಹೆಬ್ಬೆಟ್ಟ ಬಿಡ್ರಿ, ಅದು ಕಲ್ಲಿಗಿ ಹೋಗ್ಯಾದ. ಕಲ್ಲ ತಿಕ್ಕಾಗ ಯಾವ ಬೆರಳ ಮ್ಯಾಲ ಎತ್ತತೀರಿ, ಅದನ್ನ ತರ್ರಿ," ಎಂದು ಎಡಗೈ ಕಿರುಬೆರಳು ಹಿಡಿದು ತಲೆಗೂದಲ ಎಣ್ಣೆಗೆ ಸವರಿಸಿ

ಅಕ್ಕ, ತಡೆ. ನಾನೆಂಥ ದಡ್ಡಿ. ಅವರು ಎಲ್ಲಿಗೆ ಹೋದರೆಂದು ತಿಳಿಯಿತು. ಮುಖ್ಯಸ್ಥರು ಏನಾದರೂ ಅನ್ನಲಿ, ನಾನು ಕೆಳಗಿಳಿಯುತ್ತೇನೆ.

*

ಅದೇ ದಿನ, ಸಂಜೆ ಆರು

ಅಕ್ಕ, ಈಗ ನಿನಗೆ ಎಲ್ಲ ಗೊತ್ತು. ಆದರೂ ಅರ್ಧಕ್ಕೆ ಬಿಟ್ಟ ಕಾಗದ ಮುಗಿಸುತ್ತೇನೆ. ಕೆಲವು ಮಾತು ಫೋನಿನಲ್ಲಿ ಬರುವುದಿಲ್ಲ.

ಚಪ್ಪಲಿ ಒಂದು ನನ್ನದು, ಒಂದು ಫರಹತಳದು ಹಾಕಿಕೊಂಡು ಓಡಿದ್ದೇನೆ. ನಮಾಜು ಮುಗಿಸಿ ಬರುವ ಜನ ಎದುರು, ನಾನೊಬ್ಬಳೇ ಆ ಕಡೆ. ನಮಾಜಿಗೆ ಮುಚ್ಚಿದ್ದ ಕೌಂಟರ್ ಆಗತಾನೇ ಮತ್ತೆ ತೆರೆದಿತ್ತು. ನಿನ್ನೆಯ ಅದೇ ಮನುಷ್ಯ. ನನ್ನನ್ನು ನೋಡಿದವನೇ ಗುರುತು ಹಿಡಿದ. ಮೊದಲು ತನ್ನ ಹತ್ತೂ ಬೆರಳು ಬಿಡಿಸಿ, ಒಂದೊಂದನ್ನೇ ಮಷೀನಿಗೆ ಮುಟ್ಟಿಸಿ ಮುಟ್ಟಿಸಿ ತಲೆ ಅಲ್ಲಾಡಿಸಿದ. ಕೊನೆಗೆ ಎಡಗೈ ಕಿರುಬೆರಳು ಎತ್ತಿ ಹಿಡಿದು ನಕ್ಕ. ಅವರು ಬಂದಿದ್ದರು! ಕಿರುಬೆರಳು ಹತ್ತಿತ್ತು! ಯಾವ ಕಡೆ ಹೋದರು ಎಂದು ಕೈಸನ್ನೆಯಲ್ಲಿ ಕೇಳಿದೆ. ಅವನು ಜನಸಾಗರದ ಕಡೆ ಕೈ ತೋರಿಸಿದ.

ಫೋನು ಹತ್ತಿದ್ದರೆ ಅವರು ನಿನಗೇ ಹಚ್ಚಿರುತ್ತಾರೆ ಎಂದು ಹೊಳೆಯಿತು. ಆಮೇಲೆ ಪಾಸ್‌ಪೋರ್ಟ್ ಮುಂದಿಟ್ಟೆ. ಸೆರಗಿನೊಳಗೆ ಕೈ ಹಾಕಿ ಕಿರುಬೆರಳನ್ನು ತಲೆಗೆ ಎರಡು ಸಲ ಸವರಿಕೊಂಡು ಮಷೀನಿನ ಮೇಲಿಟ್ಟೆ. ಹಸಿರು ದೀಪ ಹತ್ತಿತು. ಅದನ್ನು ನೋಡಿ ಅತ್ತುಬಿಟ್ಟೆ. ಸಾಲಿನಲ್ಲಿದ್ದವರು ಈ ಮುದುಕಿಗೆ ಏನಾಯಿತೋ ಎಂದುಕೊಂಡಿರಬೇಕು. ಅವನೇ ಸಿಮ್ ಹಾಕಿಕೊಟ್ಟ. ಕಡ್ಡಿಗಳು ಒಂದೊಂದೇ ಎದ್ದವು, ನಾಲ್ಕೂ ಎದ್ದವು. ಆ ಕಲ್ಲಿನ ಮೇಲಿನ ಅಂಕಿಗಳನ್ನು ನೆನೆಯುತ್ತ ನಿನಗೆ ಹಚ್ಚಿದೆ. ಮುಂದೆ ನಮ್ಮ ದೇಶದ ನಂಬರೂ ಸೇರಿಸಬೇಕೆಂದು ಅವನೇ ಒತ್ತಿ ತೋರಿಸಿದ.

ನೀನು ಗಂಟೆ ಪೂರ್ತಿ ಬಾರಿಸಲೂ ಬಿಡಲಿಲ್ಲ. "ಏ ಇಮಾಮ್ಬೀ! ಎಲ್ಲಿ ಸತ್ತಿದ್ದಿ ಮುಂಜಾನಿಂದ? ನಿನ್ನ ಫೋನಿಗಿ ಹಚ್ಚಿ ಹಚ್ಚಿ ನನ್ನ ಬೆರಳ ಸವದಾವ. ಏಜೆಂಟನ ಅಂಗಡಿಗಿ ಹೋದ್ರ ಶುಕ್ರವಾರಂತ ಕೀಲಿ ಅದ. ತಸ್ಲೀಮ್‌ಗ ಹೇಳಾಂಗಿಲ್ಲ, ಆಕಿ ಈ ದಿನದಾಗ ಗಾಬರಿ ಆಗತಾಳ. ಅಣ್ಣ ತಾಸಿಗೊಮ್ಮೆ ಫೋನ್ ಮಾಡ್ಲಿಕತ್ತಾನ. ದಾರಿ ತಪ್ಯಾನ. ಎದ್ದು ಅಡ್ಡಾಡಬ್ಯಾಡ, ಅಲ್ಲೇ ಕುಂದ್ರು ಅಂತ ಹೇಳೀನಿ. ದೊಡ್ಡ ಬಾಗಿಲ ಅದಂತ, ಮ್ಯಾಲ ಎಪ್ಪತ್ತೊಂಬತ್ತ ಅಂತ ಬರ್ದಾದಂತ." ನೀನು ಉಸಿರೂ ತೆಗೆದುಕೊಳ್ಳದೆ ಇಷ್ಟೂ ಹೇಳಿದೆ. ಆಮೇಲೆ ಇನ್ನೊಂದು ಮಾತು ಹೇಳಿದೆ: "ಶಾಣ್ಯಾಕಿ ಇದ್ದಿ ಬಿಡು. ಕಿರುಬೆರಳ ಇಡ್ರಿ ಅಂತ ನೀನೇ ಹೇಳಿ ಕಳಿಸಿದಿಯಂತಲ್ಲ. ಇಮಾಮ್ಬೀ ನೆನಪ ಮಾಡಿಕೊಟ್ಟಾಳ ಅಂತ ಹತ್ತ ಸಲ ಹೇಳಿದ ಅಣ್ಣ." ನಾನು ಹ್ಞೂಂ ಎಂದೆ.

ಅವರ ಹೊಸ ನಂಬರು ನೀನು ಹೇಳಿದ್ದನ್ನು ಕೌಂಟರಿನವನ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದುಕೊಂಡೆ. ಹಚ್ಚಿದರೆ ಆ ಕಡೆಯಿಂದ ಕೆಮ್ಮು ಕೇಳಿಸಿತು. ಅಷ್ಟು ಇಂಪಾದ ಕೆಮ್ಮು ನಾನು ಕೇಳಿಯೇ ಇಲ್ಲ. "ಇಮಾಮ್? ಚಾ ಕುಡದ್ಯಾ?" ಎಂದರು. ಏಳು ತಾಸು ಕಳೆದುಹೋದ ಮನುಷ್ಯ ಕೇಳುವ ಮಾತು ನೋಡು.

ಹರಮ್ ಶರೀಫಿನ ಬಾಗಿಲುಗಳಿಗೆ ನಂಬರು ಇರುತ್ತವೆ. ಎಪ್ಪತ್ತೊಂಬತ್ತು ಎಂದು ಕಂಡಕಂಡವರಿಗೆ ಬೆರಳಿನಲ್ಲಿ ತೋರಿಸುತ್ತ ಹೋದೆ. ಅಮೃತಶಿಲೆಯ ನೆಲದ ಮೇಲೆ, ಕಂಬಕ್ಕೆ ಒರಗಿ ಕುಳಿತಿದ್ದರು. ಬೆಳಗಿನಿಂದ ಯಾರೋ ಕೊಟ್ಟ ಖರ್ಜೂರ ಬಿಟ್ಟು ಏನೂ ತಿಂದಿರಲಿಲ್ಲ. ತುಟಿ ಒಣಗಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ ಆಗದೆ, ಕೂತಲ್ಲಿಂದಲೇ ಫೋನು ಎತ್ತಿ ತೋರಿಸಿದರು. "ತಸ್ಲೀಮ್‌ಗ ಹಚ್ಚು, ಆಕಿ ನಂಬರ್ ನನಗ ಬರಂಗಿಲ್ಲ," ಎಂದರು. ಬೆಳಗಿನಿಂದ ಆ ಫೋನು ಹಿಡಿದು ಕಾದದ್ದು ಅದಕ್ಕೇ. ಮಾತಾಡಿದೆವು. ಇನ್ನೂ ಹೆರಿಗೆ ಆಗಿಲ್ಲವಂತೆ, ಸೋಮವಾರ ಸೇಡಂಗೆ ಬರಲು ಡಾಕ್ಟರ್ ಹೇಳಿದ್ದಾರಂತೆ. ಇವತ್ತಿನ ಸುದ್ದಿ ಅವಳಿಗೆ ಹೇಳಲಿಲ್ಲ, ನೀನೂ ಹೇಳಬೇಡ.

ಈಗ ಸಾರು ಅನ್ನ ತಿಂದು ಗಂಡಸರ ಕೋಣೆಯಲ್ಲಿ ಮಲಗಿದ್ದಾರೆ. ಗೋಡೆಯ ಆಚೆಯಿಂದ ಕೆಮ್ಮು ಕೇಳುತ್ತಿದೆ. ಅಸದಭಾಯಿ ಕೆಳಗೆ ಬಂದು ಕಾಯುತ್ತಿದ್ದಾರೆ. ನಿನ್ನ ಬಾಗಿಲ ಕಲ್ಲನ್ನು ಒಮ್ಮೆ ನನ್ನ ಪರವಾಗಿ ತೊಳೆದುಬಿಡು.

ನಿನ್ನ ಜೊತೆ ಕಲ್ಲು ತಿಕ್ಕಿದ,
ಇಮಾಮ್ಬೀ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹರಿದು ಹಾಕಲು ಮನಸ್ಸಾಗಲಿಲ್ಲ. ಬೆಳಿಗ್ಗೆ ನಾನು ಬಚ್ಚಲಲ್ಲಿ ಇರಲಿಲ್ಲ. ಅವರು ನಮ್ಮ ಕೋಣೆಯ ಬಾಗಿಲಿಗೆ ಬಂದು, ಹೊರಗೇ ನಿಂತು ಮೆಲ್ಲಗೆ ಕೇಳಿದರು, "ಇಮಾಮ್, ದೇವೀಂದ್ರಪ್ಪ ಯಾವ ಬೆರಳ ಇಡಸ್ತಿದ್ದ?" ನನಗೆ ಎಚ್ಚರವಿತ್ತು. ಮತ್ತೆ ಅದೇ ಬೆರಳಿನ ಮಾತು ತೆಗೆದು ನನ್ನನ್ನು ಕೆಣಕಲು ಬಂದರೆಂದುಕೊಂಡು, ಏನು ಕೇಳಿದರೆಂದು ಯೋಚಿಸಲೂ ಇಲ್ಲ, ಗೋಡೆ ಕಡೆ ತಿರುಗಿದೆ. ಆಮೇಲೆ ಚಪ್ಪಲಿ ಸದ್ದು ದೂರವಾಯಿತು. ಈ ಕಾಗದದಲ್ಲಿ ದೇವೀಂದ್ರಪ್ಪನ ಹೆಸರು ಬರೆದಾಗಲೇ ಆ ಪ್ರಶ್ನೆ ನನ್ನೊಳಗೆ ಇಳಿದದ್ದು. ನಾನು ಹೇಳದೆ ಹೋದದ್ದಕ್ಕೇ ಅವರು ಅಷ್ಟು ಜನರ ಮುಂದೆ ಹತ್ತೂ ಬೆರಳು ಒಂದೊಂದಾಗಿ ಇಡಬೇಕಾಯಿತು. ನಾನು ಏನನ್ನೂ ನೆನಪು ಮಾಡಿಕೊಟ್ಟಿಲ್ಲ ಅಕ್ಕ. ನನ್ನ ಮಾನ ಉಳಿಸಲು ಆ ಮನುಷ್ಯ ನಿನಗೆ ಹತ್ತು ಸಲ ಸುಳ್ಳು ಹೇಳಿದ್ದಾರೆ, ಅದೂ ಅಲ್ಲಾಹನ ಮನೆಯ ಬಾಗಿಲಲ್ಲಿ ಕುಳಿತು.