ಬೀಗ ಹಾಕಿದ ಶೌಚಾಲಯಕ್ಕೆ ಪ್ರಶಸ್ತಿ, ತೆರೆದಿಟ್ಟ ಶೌಚಾಲಯಕ್ಕೆ ನೋಟಿಸ್

ಹೆದ್ದಾರಿ ಪ್ರಾಧಿಕಾರದ ಮಾನ್ಯ ಮುಖ್ಯಸ್ಥರೇ,

ನಮ್ಮ ಊರಿನಿಂದ ಬಂದರು ಪಟ್ಟಣಕ್ಕೆ ಹೋಗುವ ನಿಮ್ಮ ಹೆದ್ದಾರಿಯಲ್ಲಿ ಮನುಷ್ಯರು ಇಳಿದು ನಿಲ್ಲಲು ಯೋಗ್ಯವಾದ ಜಾಗ ಒಂದೇ ಒಂದು ಉಳಿದಿದೆ. ಅದಕ್ಕೆ ಸೋಮವಾರ ಬೆಳಿಗ್ಗೆ ಕಬ್ಬಿಣದ ತಡೆಬೇಲಿ ಹಾಕುತ್ತೇವೆಂದು ನಿಮ್ಮ ಕಚೇರಿ ನೋಟಿಸ್ ಕೊಟ್ಟಿದೆ. ಆ ಜಾಗ ನಿಮ್ಮದಲ್ಲ, ನೀವು ಕಟ್ಟಿದ್ದಲ್ಲ, ಅದಕ್ಕೆ ನೀವು ಒಂದು ಇಟ್ಟಿಗೆಯನ್ನೂ ಕೊಟ್ಟಿಲ್ಲ. ನೀವು ಕೊಡುತ್ತಿರುವ ಮೊದಲ ವಸ್ತುವೇ ಆ ಬೇಲಿ. ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಸರಳ: ನಿಮ್ಮ ಕಚೇರಿಗೆ ಬರೆದ ಪತ್ರಗಳಿಗೆ ‘ನಿಮ್ಮ ಪ್ರಯಾಣ ಸುಖಕರವಾಗಿರಲಿ’ ಎಂಬ ಅಚ್ಚು ಹಾಕಿದ ಉತ್ತರ ಬರುತ್ತದೆಯೇ ಹೊರತು ಬೇರೇನೂ ಬರುವುದಿಲ್ಲ.

ಈ ರಸ್ತೆಯಲ್ಲಿ ಹೋಗದ ಓದುಗರಿಗಾಗಿ ಎರಡು ಮಾತು. ಐದು ಗಂಟೆಯ ದಾರಿ. ಎರಡೂ ಬದಿ ಎದೆಮಟ್ಟದ ಉಕ್ಕಿನ ಪಟ್ಟಿ. ಒಂದು ಮೇಲ್ಸೇತುವೆ ದಾಟಿದರೆ ಅದರ ಅವಳಿ ಎದುರಾಗುತ್ತದೆ, ಅದನ್ನು ದಾಟಿದರೆ ಇನ್ನೊಂದು ಅವಳಿ. ‘ನಿದ್ದೆ ಬಂದರೆ ವಾಹನ ನಿಲ್ಲಿಸಿ’ ಎಂದು ದೊಡ್ಡಕ್ಷರದ ಫಲಕವಿದೆ. ಅದರ ಕೆಳಗೇ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಇನ್ನೊಂದು. ಎರಡನ್ನೂ ಒಬ್ಬನೇ ಗುತ್ತಿಗೆದಾರ ನೆಟ್ಟಿರಬೇಕು, ಓದಿ ನೋಡಿರಲಾರ. ಹಳೆಯ ರಸ್ತೆ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಗುಂಡಿಗಳಿದ್ದವು, ಅಡ್ಡ ಬರುವ ದನಗಳಿದ್ದವು, ಮದುವೆ ಮೆರವಣಿಗೆ ಸಿಕ್ಕಿಕೊಂಡರೆ ಅರ್ಧ ದಿನ ಹೋಗುತ್ತಿತ್ತು. ಆದರೆ ಇಳಿಯಬಹುದಿತ್ತು. ಒಂದು ಅಂಗಡಿ, ಒಂದು ನಲ್ಲಿ, ‘ಒಳಗೆ ಹೋಗಿ ಬನ್ನಿ ಅಮ್ಮಾ’ ಎನ್ನುವ ಒಂದು ಮನೆ ಸಿಗುತ್ತಿತ್ತು. ನೀವು ಗುಂಡಿಗಳನ್ನು ತೆಗೆದಿರಿ, ಜೊತೆಗೆ ಇಳಿಯುವುದನ್ನೂ ತೆಗೆದಿರಿ.

ನನ್ನ ಹೆಂಡತಿಯ ಕೆಲಸ ಕೃತಕ ಕಾಲುಗಳನ್ನು ಅಳತೆ ತೆಗೆದು ಜೋಡಿಸುವುದು. ನಮ್ಮ ಊರಿನ ಕಾರ್ಯಾಗಾರದಲ್ಲಿ ಕಾಲು ತಯಾರಾಗುತ್ತದೆ, ಬಂದರು ಪಟ್ಟಣದ ಆಸ್ಪತ್ರೆಯಲ್ಲಿ ಅದನ್ನು ತೊಡಿಸಬೇಕು. ದೊಡ್ಡವರಿಗೆ ಒಮ್ಮೆ ಕೂಡಿಸಿದರೆ ಕೆಲವು ವರ್ಷ ನಡೆಯುತ್ತದೆ. ಮಕ್ಕಳ ವಿಷಯ ಹಾಗಲ್ಲ. ಮಗು ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ. ಕೆಲವೇ ತಿಂಗಳಲ್ಲಿ ಮೊಂಡುಗಾಲು ಕೂರುವ ಬಟ್ಟಲು ಬಿಗಿಯಾಗಿ ಚರ್ಮ ಕೆಂಪಾಗುತ್ತದೆ, ಮತ್ತೆ ಅಳತೆ, ಮತ್ತೆ ಜೋಡಣೆ. ಆ ಆಸ್ಪತ್ರೆಯಲ್ಲಿ ಮಕ್ಕಳಿಗೆ ಇದನ್ನು ಮಾಡುವವಳು ಸದ್ಯಕ್ಕೆ ಇವಳೊಬ್ಬಳೇ. ಹಾಗಾಗಿ ತಿಂಗಳಿಗೆರಡು ಬಾರಿ ಹಿಂದಿನ ಸೀಟಿನಲ್ಲಿ ಪುಟ್ಟ ಪುಟ್ಟ ಕಾಲುಗಳನ್ನು ಮಲಗಿಸಿಕೊಂಡು ನಾವು ನಿಮ್ಮ ರಸ್ತೆಗೆ ಇಳಿಯುತ್ತೇವೆ. ಗಾಡಿ ನನ್ನದು, ಚಾಲಕನೂ ನಾನೇ.

ಹೊಸ ರಸ್ತೆ ಆದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಹೊರಡುವ ಹಿಂದಿನ ಸಂಜೆಯಿಂದಲೇ ನನ್ನ ಹೆಂಡತಿ ನೀರು ಕುಡಿಯುವುದನ್ನು ಬಿಟ್ಟಳು. ನಾನು ಗಮನಿಸಲೇ ಇಲ್ಲ. ಗಂಡಸರಿಗೆ ಇಂಥದ್ದು ಕಾಣುವುದಿಲ್ಲ. ನಮಗೆ ಇಡೀ ಹೆದ್ದಾರಿಯೇ ಶೌಚಾಲಯ, ಬೆನ್ನು ತಿರುಗಿಸಿದರೆ ಮುಗಿಯಿತು. ನನಗೆ ವಿಷಯ ಗೊತ್ತಾದದ್ದು ಅವಳಿಗೆ ಚಳಿಜ್ವರ ಬಂದು, ಸೊಂಟ ಹಿಡಿದುಕೊಂಡು ಬಾಗಿ, ಆಸ್ಪತ್ರೆ ಸೇರಿದಾಗ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು.

ಡಾಕ್ಟರ್ ಕೂಡ ಹೆಂಗಸೇ. ಚೀಟಿ ಬರೆಯುತ್ತ ಕೇಳಿದರು: “ನೀರು ಎಷ್ಟು ಕುಡೀತೀರಮ್ಮ?”

“ಮನೇಲಿದ್ರೆ ಚೆನ್ನಾಗೇ ಕುಡೀತೀನಿ. ರೋಡಿಗೆ ಹೋಗೋ ದಿನ ಇಲ್ಲ.”

“ಅಂದ್ರೆ?”

“ದಾರೀಲಿ ಎಲ್ಲಿ ಇಳೀಲಿ ಡಾಕ್ಟ್ರೇ?”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಆ ಹೆದ್ದಾರೀನಾ? ಅಲ್ಲಿಂದ ಬರೋವ್ರು ನೀವೇ ಮೊದಲಲ್ಲ ಬಿಡಿ. ಬಸ್ಸಲ್ಲಿ ಓಡಾಡೋ ಟೀಚರ್‌ಗಳು, ಸೇಲ್ಸ್ ಹುಡುಗೀರು, ಎಲ್ಲರದ್ದೂ ಇದೇ ಕತೆ. ಇನ್ನೊಂದು ಸಲ ಹೀಗಾದ್ರೆ ಕಿಡ್ನಿ ಉಳಿಯುತ್ತೆ ಅಂತ ನಾನು ಹೇಳಲ್ಲ. ನೀರು ಕುಡೀರಿ, ಇಲ್ಲಾ ಆ ರೋಡ್ ಬಿಡಿ.”

ಆ ರೋಡ್ ಬಿಡುವುದೆಂದರೆ ಆ ಮಕ್ಕಳನ್ನು ಬಿಡುವುದು. ಅವಳು ಬಿಡಲಿಲ್ಲ. ಆದ್ದರಿಂದ ನಿಲ್ಲುವ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಅದೇ ಸಮಯಕ್ಕೆ ಸರಿಯಾಗಿ, ಸುಂಕದ ಕಟ್ಟೆಯಲ್ಲಿ ನಿಮ್ಮ ಸಿಬ್ಬಂದಿ ಬಣ್ಣಬಣ್ಣದ ಒಂದು ಮಡಚಿದ ಹಾಳೆಯನ್ನು ಕಿಟಕಿಯೊಳಗೆ ತುರುಕಿದರು. ‘ದಾರಿಯೂ ಒಂದು ಆನಂದ: ನೀವು ನಿಲ್ಲಲೇಬೇಕಾದ ತಾಣಗಳು’. ನಾನು ದಿನಪತ್ರಿಕೆ ಓದಿ ಬೆಳೆದವನು, ಅಚ್ಚಾದದ್ದನ್ನು ಮೊದಲು ನಂಬುತ್ತೇನೆ, ಆಮೇಲೆ ಹೋಗಿ ನೋಡುತ್ತೇನೆ. ಇದನ್ನೂ ಹೋಗಿ ನೋಡಿದೆ.

ಮೊದಲನೆಯದು ‘ಸೂರ್ಯಾಸ್ತ ವೀಕ್ಷಣಾ ತಾಣ’. ಮೂರು ಮೆಟ್ಟಿಲಿನ ಒಂದು ಕಟ್ಟೆ, ಅದರ ಮೇಲೆ ಕಾಂಕ್ರೀಟ್ ಬೆಂಚು. ಬೆಂಚಿನ ಮೇಲೆ ಕೂತು ನೋಡಿದರೆ ಎದುರಿಗೆ ಜಲ್ಲಿ ಪುಡಿ ಮಾಡುವ ಘಟಕ, ಅದರ ಆಚೆ ಪೂರ್ವ ದಿಕ್ಕು. ಸೂರ್ಯ ಮುಳುಗುವುದು ಬೆನ್ನ ಹಿಂದೆ, ಜಾಹೀರಾತು ಫಲಕದ ಮರೆಯಲ್ಲಿ. ಪ್ರಾಧಿಕಾರದ ಮೇಲಿನ ಗೌರವಕ್ಕೆ ಸೂರ್ಯ ಒಂದು ದಿನವಾದರೂ ಆ ಕಡೆ ಮುಳುಗಬಹುದೆಂದು ನಿಮ್ಮವರು ಕಾದಿದ್ದಾರೋ ಏನೋ. ಎರಡನೆಯದು ‘ಕುಟುಂಬ ಉದ್ಯಾನ’. ಹೋಗುವ ರಸ್ತೆಗೂ ಬರುವ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿಯಲ್ಲಿ ಒಂದು ಜಾರುಬಂಡೆ, ಒಂದು ಉಯ್ಯಾಲೆ ನಿಂತಿವೆ. ಅಲ್ಲಿಗೆ ಹೋಗಲು ದಾರಿ ಇಲ್ಲ. ಗಾಡಿ ನಿಲ್ಲಿಸುವ ಜಾಗ ಇಲ್ಲ, ದಾಟುವ ಸೇತುವೆ ಇಲ್ಲ. ಲಾರಿಗಳು ಹೋದಾಗ ಗಾಳಿಗೆ ಉಯ್ಯಾಲೆ ತಾನೇ ಆಡಿಕೊಳ್ಳುತ್ತದೆ. ಆ ಉದ್ಯಾನವನ್ನು ಅನುಭವಿಸುತ್ತಿರುವ ಏಕೈಕ ಕುಟುಂಬ ಅದೇ.

ಮೂರನೆಯದರ ಹೆಸರು ‘ಮಾದರಿ ವಿಶ್ರಾಂತಿ ಸಂಕೀರ್ಣ’. ಇದು ನಿಜಕ್ಕೂ ಇದೆ. ವಿಶಾಲ ಅಂಗಳ, ನೆರಳು ಬೀಳುವ ಚಾವಣಿ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ಗಾಲಿಕುರ್ಚಿಗೆ ಇಳಿಜಾರು. ನನ್ನ ಹೆಂಡತಿ ಇಳಿಜಾರಿನ ಕೋನ ನೋಡಿ, “ಪರವಾಗಿಲ್ಲ ರೀ, ಯಾರೋ ಗೊತ್ತಿರೋವ್ರು ಮಾಡಿದ್ದಾರೆ,” ಎಂದಳು. ಅವಳು ಒಂದು ಸರ್ಕಾರಿ ಕಟ್ಟಡವನ್ನು ಹೊಗಳಿದ್ದು ಅದೇ ಮೊದಲು. ಬಾಗಿಲಿಗೆ ಹೋದರೆ ಬೀಗ. ಪಕ್ಕದ ಬಾಗಿಲಿಗೂ ಬೀಗ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ, ನಿಮ್ಮ ಸಹಿ ಇರುವ ಪ್ರಶಸ್ತಿ ಪತ್ರ: ‘ವರ್ಷದ ಅತ್ಯಂತ ಸ್ವಚ್ಛ ಶೌಚಾಲಯ’.

ಕಾವಲುಗಾರ ಕುರ್ಚಿಯಿಂದ ಎದ್ದು ಬಂದ.

“ಬೀಗ ಯಾಕಪ್ಪಾ ಹಾಕಿದ್ದೀರಿ?”

“ತೆಗೆದ್ರೆ ಜನ ಬರ್ತಾರೆ ಸಾರ್.”

“ಜನ ಬರಲಿ ಅಂತಾನೇ ಅಲ್ವಾ ಕಟ್ಟಿರೋದು?”

“ಬಂದ್ರೆ ಗಲೀಜಾಗುತ್ತೆ. ಗಲೀಜಾದ್ರೆ ತಪಾಸಣೆಲಿ ಮಾರ್ಕ್ಸ್ ಕಟ್. ಮಾರ್ಕ್ಸ್ ಹೋದ್ರೆ ಗುತ್ತಿಗೆ ಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ. ಬೀಗ ಹಾಕಿದ ಮೇಲೆ ಮೂರು ವರ್ಷದಿಂದ ನಮ್ದೇ ಫಸ್ಟ್.”

“ತಪಾಸಣೆಗೆ ಬಂದವರು ಕೇಳಲ್ವಾ?”

“ಅವ್ರು ಬಂದಾಗ ತೆಗೀತೀವಲ್ಲ ಸಾರ್. ಫೋಟೋ ತಗೋತಾರೆ. ಅವ್ರೂ ಉಪಯೋಗಿಸಲ್ಲ, ಪಾಪ. ಒಳ್ಳೇವ್ರು.”

ನನ್ನ ಹೆಂಡತಿ ಬೇಡಿಕೊಂಡಳು. ಅವನು ಕೈ ಮುಗಿದ, ಕೀ ಗುತ್ತಿಗೆದಾರನ ಹತ್ತಿರ ಇದೆ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಇರುವುದು ಆ ತಪಾಸಣೆಯ ಪದ್ಧತಿ ಬರೆದವರ ಮೇಲೆ. ಎಷ್ಟು ಸ್ವಚ್ಛವಾಗಿದೆ ಎಂದು ಅಳೆಯುತ್ತೀರಿ, ಎಷ್ಟು ಜನ ಬಳಸಿದರು ಎಂದು ಅಳೆಯುವುದಿಲ್ಲ. ಈ ಅಳತೆಗೋಲಿನಲ್ಲಿ ರೋಗಿಗಳಿಲ್ಲದ ಆಸ್ಪತ್ರೆಗೂ ಮಕ್ಕಳಿಲ್ಲದ ಶಾಲೆಗೂ ಚಿನ್ನದ ಪದಕ ಸಿಗಬೇಕು. ನಿಮ್ಮ ರಸ್ತೆಯೂ ಅಷ್ಟೇ, ನಾವು ಅದರ ಮೇಲೆ ಓಡಾಡದಿದ್ದರೆ ಎಷ್ಟು ಚೆನ್ನಾಗಿ ಉಳಿಯುತ್ತಿತ್ತು. ಸುಂಕ ವಸೂಲಿಗೆ ಮಾತ್ರ ನಾವು ಬೇಕು.

ಪೆಟ್ರೋಲ್ ಬಂಕ್ ಇಲ್ಲವೇ ಎಂದು ನೀವು ಕೇಳುವಿರಿ. ಇದೆ. ಅಲ್ಲಿ ಹೆಂಗಸರ ಶೌಚಾಲಯದೊಳಗೆ ಎಣ್ಣೆ ಡಬ್ಬಿಗಳನ್ನು ಜೋಡಿಸಿಟ್ಟಿದ್ದಾರೆ. ಅದನ್ನು ಕೇಳಬೇಕಾದವರು ಬೇರೆ, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.

ಅದೇ ದಿನ, ಇವಳ ಮುಖ ಬಿಳಿಚಿಕೊಂಡಿದ್ದಾಗ, ಉಕ್ಕಿನ ಪಟ್ಟಿಯಲ್ಲಿ ಒಂದು ಗಾಡಿ ನುಗ್ಗುವಷ್ಟು ಸಂದು ಕಾಣಿಸಿತು. ಆಚೆ ಹಸಿರು ಬಲೆಯ ಚಪ್ಪರ. ಗಿಡ ಮಾರುವ ನರ್ಸರಿ. ಒಳಗೆ ಹೋದರೆ ಒದ್ದೆ ಮಣ್ಣಿನ ವಾಸನೆ, ಸಾಲುಸಾಲು ಕುಂಡಗಳು, ನೆರಳಿನಲ್ಲಿ ಹಳೆಯ ಬಸ್ಸಿನಿಂದ ಕಿತ್ತು ತಂದ ಎರಡು ಸೀಟು. ನರ್ಸರಿಯ ಒಡತಿ ನನ್ನ ಹೆಂಡತಿಯ ಮುಖ ನೋಡಿದವಳೇ ಏನನ್ನೂ ಕೇಳದೆ ಕೈ ತೋರಿಸಿದಳು: “ಅಕ್ಕಾ, ಅಲ್ಲಿ, ನೀಲಿ ಬಾಗಿಲು. ಚಿಲಕ ಸ್ವಲ್ಪ ಎತ್ತಿ ಹಾಕಿ.”

ಹೊರಗೆ ಬಂದಾಗ ಅವಳ ಕೈಗೆ ನೀರಿನ ಡಬ್ಬಿ ಸಿಕ್ಕಿತು, ಮೂತಿಯಲ್ಲಿ ಸಣ್ಣ ತೂತುಗಳಿರುವ ಡಬ್ಬಿ. ಅಲ್ಲಿನ ಕಟ್ಟಳೆ ಅದು. ಶೌಚಾಲಯ ಬಳಸಿದವರು ಒಂದು ಸಾಲು ಗಿಡಕ್ಕೆ ನೀರು ಹಾಕಿ ಹೋಗಬೇಕು. ಬೇರೆ ಶುಲ್ಕವಿಲ್ಲ.

“ಗಿಡ ತಗೋಬೇಕಾ?” ಎಂದು ಇವಳು ಕೇಳಿದಳು.

“ಬೇಡ ಅಕ್ಕಾ. ಆದ್ರೆ ನೀರು ಹಾಕಿದ ಮೇಲೆ ನಿಮಗೇ ಆ ಗಿಡದ ಮೇಲೆ ಮನಸ್ಸಾಗುತ್ತೆ. ಮೊನ್ನೆ ಒಬ್ಬ ಲಾರಿ ಡ್ರೈವರು ಮೂರು ಗುಲಾಬಿ ತಗೊಂಡು ಹೋದ. ಕ್ಯಾಬಿನ್ನಲ್ಲಿ ಎಲ್ಲಿ ಇಡ್ತೀಯೋ ಅಂದ್ರೆ, ಕ್ಲೀನರ್ ತೊಡೆ ಮೇಲೆ ಅಂದ.”

ನಾನೂ ಒಂದು ಸಾಲಿಗೆ ನೀರು ಹಾಕಿದೆ. ಬಾಗಿ, ಎದ್ದು, ನಡೆದು, ಕೊನೆಯ ಕುಂಡ ಮುಟ್ಟುವ ಹೊತ್ತಿಗೆ ಕಣ್ಣಿನ ಜೊಂಪು ಹೋಗಿತ್ತು, ಸೊಂಟ ಸಡಿಲವಾಗಿತ್ತು. ನಿಮ್ಮ ‘ನಿದ್ದೆ ಬಂದರೆ’ ಫಲಕ ಮಾಡದ ಕೆಲಸವನ್ನು ಆ ಡಬ್ಬಿ ಮಾಡಿತು. ಅಂದಿನಿಂದ ಹೋಗುವಾಗಲೂ ಬರುವಾಗಲೂ ನಾವು ಅಲ್ಲಿ ನಿಲ್ಲುತ್ತೇವೆ. ನನ್ನ ಹೆಂಡತಿ ಹಿಂದಿನ ಸಂಜೆ ನೀರು ಕುಡಿಯುತ್ತಾಳೆ, ಬೆಳಿಗ್ಗೆ ಕುಡಿಯುತ್ತಾಳೆ, ಗಾಡಿಯಲ್ಲೂ ಕುಡಿಯುತ್ತಾಳೆ. ಜ್ವರ ಮತ್ತೆ ಬಂದಿಲ್ಲ. ನಮ್ಮ ಮಹಡಿಯಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲದಷ್ಟು ಗಿಡಗಳಾಗಿವೆ, ಅಷ್ಟೇ ತೊಂದರೆ.

ಈಗ ನಿಮ್ಮ ನೋಟಿಸ್. ‘ಅನಧಿಕೃತ ಪ್ರವೇಶ’ ಎಂದಿದೆ. ಅದನ್ನು ಕೊಡಲು ಬಂದ ನಿಮ್ಮ ಕಿರಿಯ ಎಂಜಿನಿಯರು ಮೊದಲು ಮಾಡಿದ ಕೆಲಸವೇನು ಗೊತ್ತೇ? ನಾನು ಆಗ ಅಲ್ಲೇ ಬಸ್ಸಿನ ಸೀಟಿನಲ್ಲಿ ಕೂತಿದ್ದೆ. ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, “ಮೇಡಂ, ಇಲ್ಲಿ ಟಾಯ್ಲೆಟ್...” ಎಂದರು. ಒಡತಿ ನೀಲಿ ಬಾಗಿಲು ತೋರಿಸಿದಳು. ಹೊರಬಂದು ನೋಟಿಸ್ ಚಾಚಿದರು. ಅವಳು ಬಲಗೈಯಲ್ಲಿ ಅದನ್ನು ತೆಗೆದುಕೊಂಡು ಎಡಗೈಯಲ್ಲಿ ಡಬ್ಬಿ ಕೊಟ್ಟಳು.

“ನಾನು ಡ್ಯೂಟಿ ಮೇಲೆ ಬಂದಿರೋನು ಮೇಡಂ.”

“ನಾನೂ ಡ್ಯೂಟಿನೇ ಹೇಳ್ತಿರೋದು. ಆ ದಾಸವಾಳದ ಸಾಲು.”

ಅವರು ಪ್ಯಾಂಟು ಮಡಚಿಕೊಂಡು ಇಡೀ ಸಾಲಿಗೆ ನೀರು ಹಾಕಿದರು, ಒಂದು ಕುಂಡವನ್ನೂ ಬಿಡದೆ. ಹೋಗುವಾಗ ತಗ್ಗಿದ ದನಿಯಲ್ಲಿ, “ಮೇಲಿನವರ ಆರ್ಡರ್,” ಎಂದರು. ಆ ಮೇಲಿನವರು ನೀವು. ನಿಮ್ಮದೇ ಸಿಬ್ಬಂದಿ ನಿಮ್ಮದೇ ರಸ್ತೆಯಲ್ಲಿ ನಿಮ್ಮ ಪ್ರಶಸ್ತಿ ವಿಜೇತ ಶೌಚಾಲಯವನ್ನು ದಾಟಿ ಬಂದು, ನೀವು ಮುಚ್ಚಲಿರುವ ಬಾಗಿಲು ತಟ್ಟುತ್ತಾರೆ. ಇದಕ್ಕಿಂತ ದೊಡ್ಡ ತಪಾಸಣಾ ವರದಿ ನಿಮಗೆ ಯಾವುದು ಬೇಕು?

ನಿಮ್ಮ ಕಡೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ವೇಗದ ರಸ್ತೆಯಲ್ಲಿ ಗಾಡಿಗಳು ಏಕಾಏಕಿ ಒಂದು ಸಂದಿಗೆ ತಿರುಗುವುದು ಅಪಾಯ. ಒಮ್ಮೆ ನನ್ನ ಹಿಂದಿದ್ದ ಟ್ಯಾಂಕರ್‌ನವನು ಬ್ರೇಕ್ ಹಾಕಿದ ಸದ್ದಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ನಿಜ. ಅದಕ್ಕೆ ಪರಿಹಾರ ವೇಗ ಇಳಿಸಿಕೊಳ್ಳಲು ಒಂದು ಪಕ್ಕದಾರಿ. ಹಾಗೆ ಮಾಡಲು ಬರುವುದಿಲ್ಲ ಎನ್ನಬೇಡಿ. ನರ್ಸರಿಯಿಂದ ಕೂಗಳತೆಯ ದೂರದಲ್ಲಿ ಜಾಹೀರಾತು ಫಲಕವೊಂದಿದೆ. ಅದರ ಬಟ್ಟೆ ಬದಲಿಸುವ ಗಾಡಿ ನಿಲ್ಲಲೆಂದು ನೀವೇ ಅಂದವಾದ ಪಕ್ಕದಾರಿ ಮಾಡಿಕೊಟ್ಟಿದ್ದೀರಿ, ಬಿಳಿ ಗೆರೆ ಎಳೆದು, ಪ್ರತಿಫಲಕ ಕೂಡಿಸಿ. ಫಲಕಕ್ಕೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಯಾಕೆ ಸಿಗಬಾರದು? ಅಧಿಕೃತ ಎಂದರೆ ಏನು ಮಾನ್ಯರೇ, ಯಾರಿಗೂ ಉಪಯೋಗಕ್ಕೆ ಬಾರದ್ದು ಎಂದೇ?

ನನ್ನ ಬೇಡಿಕೆ ಇಷ್ಟು. ಸೋಮವಾರದ ಬೇಲಿಯನ್ನು ನಿಲ್ಲಿಸಿ. ಆ ಸಂದನ್ನು ಒಂದು ಸರಿಯಾದ ಪಕ್ಕದಾರಿ ಮಾಡಿ, ‘ಇಲ್ಲಿ ನಿಲ್ಲಬಹುದು’ ಎಂಬ ಒಂದು ಫಲಕ ನೆಡಿ. ನಿಮ್ಮ ಮಾದರಿ ಸಂಕೀರ್ಣದ ಬೀಗ ಒಡೆಸಿ, ಅದನ್ನು ಎಷ್ಟು ಜನ ಬಳಸಿದರು ಎಂಬುದರ ಮೇಲೆ ಗುತ್ತಿಗೆದಾರನಿಗೆ ಅಂಕ ಕೊಡಿ, ತೊಳೆಯುವವರನ್ನು ಹೆಚ್ಚಿಸಿ. ಸೂರ್ಯಾಸ್ತದ ಕಟ್ಟೆಯನ್ನು ಹಾಗೇ ಬಿಡಬಹುದು, ಅದರಿಂದ ಯಾರಿಗೂ ಜ್ವರ ಬಂದಿಲ್ಲ.

ಈ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಈ ಸೋಮವಾರ ಒಯ್ಯಬೇಕಾದ ಒಂದು ಪುಟ್ಟ ಕಾಲಿಗೆ ಪಟ್ಟಿ ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡರಿಸಿ ಹೇಳಿದಳು: “ಇಷ್ಟೆಲ್ಲ ಬರೆದ್ರೆ ಅವ್ರಿಗೆ ಓದೋಕೆ ಪುರಸೊತ್ತು ಎಲ್ಲಿರುತ್ತೆ ರೀ? ಭಾನುವಾರ ಸಂಜೆ ನಾನು ನೀರು ಕುಡೀಲಾ ಬೇಡ್ವಾ, ಅದೊಂದು ಕೇಳಿ ಸಾಕು.”

ಕೇಳುತ್ತಿದ್ದೇನೆ. ಭಾನುವಾರ ಸಂಜೆಯೊಳಗೆ ಹೇಳಿ.

ಇಂತಿ,
ಸೋಮವಾರ ಬೆಳಿಗ್ಗೆ ಹೇಗಿದ್ದರೂ ನಿಮ್ಮ ರಸ್ತೆಗೇ ಬರಬೇಕಾದ,
ಬೇರೆ ರಸ್ತೆ ಇಲ್ಲದ ಒಬ್ಬ ಗಂಡ